ಪ್ರಾಜೆಕ್ಟ್ ಮಕ್ಕಳದ್ದು, ನಮ್ಮದಲ್ಲ

ಸಮಾಜ ವಿಜ್ಞಾನದ ಗುಂಪು ಪ್ರಾಜೆಕ್ಟ್ ಅಂದ ಕೂಡಲೇ ನಾವೇನು ಮಾಡುತ್ತೇವೆ? ಅಂಗಡಿಯಿಂದ ಚಾರ್ಟ್ ತಂದು, ಮೊಬೈಲಿನಲ್ಲಿ ಸಿಕ್ಕಿದ್ದನ್ನು ಪ್ರಿಂಟ್ ತೆಗೆಸಿ ಅಂಟಿಸುತ್ತೇವೆ. ಅಂಕ ಬರುತ್ತದೆ, ಸರಿ. ಮಗು ಕಲಿತದ್ದೇನು?

ವ್ಯಾಪಾರಕ್ಕೆಂದು ಘಟ್ಟ ಹತ್ತಿ ಚಿಕ್ಕನಾಯಕನಹಳ್ಳಿ ಕಡೆ ನೆಲೆಸಿದ ಬ್ಯಾರಿ ಮನೆಯನ್ನೇ ತೆಗೆದುಕೊಳ್ಳಿ. 'ನಮ್ಮ ತಾಲೂಕಿನ ತೆಂಗು' ಅಂತ ವಿಷಯ ಕೊಟ್ಟರೆ ಗೂಗಲ್ ಯಾಕೆ ಬೇಕು? ತೋಟದ ಮನೆಯ ಅಟ್ಟದಲ್ಲಿ ಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿ ಆಗುವುದನ್ನು ಮಕ್ಕಳು ಹೋಗಿ ನೋಡಲಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಆಗ ತಿಪಟೂರು ಮಾರುಕಟ್ಟೆಯಲ್ಲಿ ದರ ಎಷ್ಟಿತ್ತು, ಬೆಳೆದವರ ಕೈಗೆ ಎಷ್ಟು ಬಂತು ಎಂದು ರೈತರನ್ನೂ ವರ್ತಕರನ್ನೂ ಕೇಳಿ ಬರೆದುಕೊಳ್ಳಲಿ. ಇಬ್ಬರ ಮಾತು ಬೇರೆ ಬೇರೆ ಆದರೆ ಎರಡನ್ನೂ ತರಗತಿಯಲ್ಲಿ ಹೇಳಲಿ. ಸಮಾಜ ವಿಜ್ಞಾನ ಅಂದ್ರೆ ಅದೇ ಅಲ್ವಾ? ವಲಸೆಯ ಪಾಠ ಬಂದರೆ, ಅಜ್ಜ ಯಾಕೆ ಊರು ಬಿಟ್ಟರೆಂದು ಮನೆಯಲ್ಲೇ ಕೇಳಲಿ.

ಇನ್ನೊಂದು ಮಾತು. ಗುಂಪು ಸೇರುವುದು ಬೇರೆಯವರ ಮನೆಯಲ್ಲಿ ಅಂದರೆ, 'ಅಲ್ಲೆಲ್ಲ ಹೋಗೋದು ಬೇಡ, ಚಾರ್ಟ್ ಬರೆದು ಕೊಡು ಸಾಕು' ಎಂದು ಹೆಣ್ಣುಮಕ್ಕಳನ್ನು ಕೂರಿಸುತ್ತೇವೆ. ಬರೆಯುವುದು ಅವಳು, ಎದ್ದು ನಿಂತು ಮಾತಾಡುವುದು ಇನ್ನೊಬ್ಬರು. ಆತಂಕವಿದ್ದರೆ ಉಮ್ಮನೇ ಜೊತೆಗೆ ಹೋಗಲಿ. ಇಲ್ಲವೇ ಗುಂಪನ್ನೇ ನಮ್ಮ ಮನೆಗೆ ಕರೆಯೋಣ, ಚಾ ತಿಂಡಿ ಕೊಡೋಣ. ಊರಿನ ಮಕ್ಕಳು ನಮ್ಮನ್ನು ಅರಿಯುವುದೂ ಹಾಗೆಯೇ. ಚಾರ್ಟ್ ಹಿಡಿದು ನಿಲ್ಲುವ ಮಗಳು ಮುಂದಿನ ಸಲ ತಾನೇ ಮಾತಾಡಲಿ, ಇನ್‌ಶಾ ಅಲ್ಲಾಹ್.