ಅವರ ಪುಸ್ತಕ ನಮಗ್ಯಾಕ ಅಂದ ತಮ್ಮನಿಗೆ



ಹೋದ ವಾರ ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕೈಯಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಇತ್ತು. ಬಾಜೂಕ ಕುಂತಿದ್ದ ನಮ್ಮ ಸಂಘಟನೆಯ ಹುಡುಗ ಪುಸ್ತಕ ನೋಡಿ, “ಅಣ್ಣ, ನೀವೂ ಇಂಥಾವ ಓದ್ತೀರೇನ್ರಿ? ಅವರ ಅಗ್ರಹಾರದ ಕತಿ ತಗೊಂಡು ನಮಗೇನ್ ಆಗಬೇಕ್ರಿ?” ಅಂದ. ಬಸ್ಸಿನ ಸಪ್ಪಳದಾಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇದು ಅವನೊಬ್ಬನ ಪ್ರಶ್ನೆಯಲ್ಲ, ನಮ್ಮ ಬಹಳ ಹುಡುಗರದು. ಅದಕ್ಕೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗ್ತದ, ಓದ್ರಿ.

ಈ ಪ್ರಶ್ನೆಗೆ ನಮ್ಮಲ್ಲಿ ಹಳೇ ಚರಿತ್ರೆ ಇದೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅಷ್ಟಕ್ಕೇ ಊರೂರು ಹೊತ್ತಿಕೊಂಡಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಕುರ್ಚಿ ಬಿಡಬೇಕಾಯಿತು. ದಲಿತ ಚಳವಳಿ ಗಟ್ಟಿಯಾದದ್ದು ಆ ಗಲಾಟೆಯ ನಂತರವೇ. ಆ ಮಾತನ್ನ ನಾನು ಇವತ್ತಿಗೂ ಎದೆಗೆ ಇಟ್ಟುಕೊಂಡವನು. ಆದರೆ ತಮ್ಮಾ, ಬೂಸಾ ಯಾವುದು ಕಾಳು ಯಾವುದು ಅಂತ ಹೇಳಬೇಕಾದರೆ ಮೊದಲು ಮೊರ ಕೈಗೆ ತಗೋಬೇಕು. ಓದದೇ ಬೂಸಾ ಅನ್ನೋನಿಗೂ, ಓದದೇ ಶ್ರೇಷ್ಠ ಅನ್ನೋನಿಗೂ ಏನು ಫರಕು?

‘ಸಂಸ್ಕಾರ’ವನ್ನೇ ತಗೋ. ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ಪ್ರಾಣೇಶಾಚಾರ್ಯನ ಜೊತೆ ನಾನೂ ಒದ್ದಾಡಿದೆ. ಒಬ್ಬ ಬ್ರಾಹ್ಮಣನ ಹೆಣ ಸುಡೋದು ಯಾರು ಅಂತ ಇಡೀ ಕಾದಂಬರಿ ಚರ್ಚೆ. ಅದೇ ಪ್ಲೇಗಿಗೆ ಹೊಲೆಯರ ಕೇರಿಯಲ್ಲೂ ಜನ ಸಾಯ್ತಾರೆ, ಗುಡಿಸಲಿಗೆ ಬೆಂಕಿ ಇಟ್ಟು ಮುಗಿಸ್ತಾರೆ. ಅವರ ಸಂಸ್ಕಾರದ ಬಗ್ಗೆ ಯಾರೂ ಶಾಸ್ತ್ರದ ಪುಸ್ತಕ ತೆಗೆಯಲ್ಲ. ನಾಚಿಕೆಯಿಂದ ಹೇಳ್ತೀನಿ, ಮೊದಲ ಓದಿನಲ್ಲಿ ಆ ಸಾವು ನನ್ನ ಕಣ್ಣಿಗೇ ಬೀಳಲಿಲ್ಲ. ಕೇರಿಯಲ್ಲಿ ಹುಟ್ಟಿದ ನಾನೇ ಅಗ್ರಹಾರದ ಕಣ್ಣಿಂದ ಓದಿದ್ದೆ! ಎರಡನೇ ಸಲ ಓದಿದಾಗ ಎದೆ ಧಸಕ್ಕಂತು. ಲೇಖಕರು ಅದನ್ನ ಬರೆದಿದ್ದರು, ನೋಡದವನು ನಾನು.

ಕಾರಂತರ ‘ಚೋಮನ ದುಡಿ’ 1933ರದು. ಅತ್ತೆ, ಸಿಟ್ಟೂ ಬಂತು. ಚೋಮನಿಗೆ ಎತ್ತು ಇದ್ದವು, ಉಳಾಕ ಹೊಲ ಇರಲಿಲ್ಲ. ಕಾರಂತರು ಅವನ ಕೈಗೆ ದುಡಿ ಕೊಟ್ಟರು, ಬಾಯಿಗೆ ಜಗಳ ಕೊಡಲಿಲ್ಲ ಅನ್ನೋದು ನನ್ನ ತಕರಾರು. ಆದರೂ ಆ ಪುಸ್ತಕವನ್ನ ಬಿಟ್ಟುಕೊಡಲ್ಲ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂತು, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಭತ್ತದ ನಾಟಿಗೆ ಬಗ್ಗಿ ನಿಂತ ನಮ್ಮ ಹೆಣ್ಮಕ್ಕಳನ್ನ ಕೇಳ್ರಿ, ಹೊಲ ಯಾರದಂತ. ಚೋಮನ ಪ್ರಶ್ನೆ ಇನ್ನೂ ಮುಗಿದಿಲ್ಲ.

ಇನ್ನು ನಮ್ಮ ನೆಲದ ದಾಸರು. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಎಲ್ಲಾ ಇಲ್ಲಿಯವರೇ. ನಮ್ಮೂರಿನ ಕವಿಗಳಂತ ‘ಹರಿಕಥಾಮೃತಸಾರ’ ಹಿಡಿದೆ. ಭಾಮಿನಿ ಷಟ್ಪದಿಯ ನಡಿಗೆ ಚಂದ ಅದ, ಸುಳ್ಳು ಹೇಳಬಾರದು. ಆದರೆ ಅದರಲ್ಲಿ ತಾರತಮ್ಯದ ಸಂಧಿ ಅಂತ ಬರ್ತದ. ಅಲ್ಲಿಗೆ ನಿಂತೆ. ನಾವು ತಹಶೀಲ್ದಾರ್ ಕಚೇರಿ ಮುಂದೆ ಧರಣಿ ಕುಂತಾಗ ಮನವಿಪತ್ರದಲ್ಲಿ “ತಾರತಮ್ಯ ನಿಲ್ಲಲಿ” ಅಂತ ಬರೀತೀವಿ. ಅದೇ ಶಬ್ದ ಅವರಿಗೆ ಲೋಕದ ಕ್ರಮ, ಮೇಲು ಕೆಳಗಿನ ಮೆಟ್ಟಿಲು, ಭಕ್ತಿಯ ಪಾಠ. ಒಂದೇ ತಾಲ್ಲೂಕು, ಒಂದೇ ಶಬ್ದ, ಎರಡು ಲೋಕ. ಪುಸ್ತಕ ಮುಗಿಸಲಿಲ್ಲ. ಆದರೆ ಓದಿದ್ದಕ್ಕೇ ಇದು ತಿಳೀತು.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಓದಿದ್ದು ಹಾಸ್ಟೆಲಿನಲ್ಲಿ. ಕೃಷ್ಣೆಯ ಆಚೆ ದಂಡೆಯ ಮುದ್ದೇಬಿಹಾಳದವರು. ಮೊದಲು ಪುಸ್ತಕವನ್ನ ದಿಂಬಿನ ಕೆಳಗೆ ಮುಚ್ಚಿಟ್ಟೆ, ಆ ಹೆಸರು ನೋಡಿ ಯಾರಾದರೂ ನಕ್ಕಾರಂತ. ಮೀಸಲಾತಿಯವರು ಅಂತ ನಮ್ಮನ್ನ ಚುಚ್ಚೋ ಮಾತನ್ನೇ ಅವರು ಪುಸ್ತಕದ ಹಣೆಗೆ ಬರೆದಿದ್ದರು. ಮುಗಿಸಿದ ಮೇಲೆ ಅದನ್ನ ಮೇಜಿನ ಮೇಲೆ ಎಲ್ಲರಿಗೂ ಕಾಣೋ ಹಂಗ ಇಟ್ಟೆ.

ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಯ ಒಂದಷ್ಟು ಪುಟ ನಮ್ಮವ್ವಗ ಓದಿ ಹೇಳಿದ್ದೆ. ಹೆಬ್ಬೆಟ್ಟಿನ ಹೆಣ್ಮಗಳು. ರೊಟ್ಟಿ ಬಡಿಯೋದು ನಿಲ್ಲಿಸಿ, “ಯಪ್ಪಾ, ಇದನ್ನೂ ಪುಸ್ತಕದಾಗ ಬರೀತಾರೇನು? ನಾವು ಮಾತಾಡಿದಂಗೇ ಐತೆಲ್ಲ!” ಅಂದಳು. ಆ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮವ್ವನ ಮಾತೇ ನನಗೆ ದೊಡ್ಡ ವಿಮರ್ಶೆ.

ನಗಬ್ಯಾಡ್ರಿ, ನನ್ನನ್ನ ಅಳಿಸಿದ ಇನ್ನೊಂದು ಪುಸ್ತಕ ನಂಜುಂಡಪ್ಪ ಸಮಿತಿ ವರದಿ (2002). ಬರೀ ಕೋಷ್ಟಕ, ಅಂಕಿ. ಅದರ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಇದೆ, ಮಾನ್ವಿಯೂ ಇದೆ. ನಮ್ಮ ಹಣೆಬರಹ ಅಂತ ನಂಬಿದ್ದು ಯಾರೋ ಮಾಡಿದ ಬಜೆಟ್ ಅಂತ ಗೊತ್ತಾಗಿದ್ದು ಆ ದಿನ.

ಅಮೆರಿಕದ ಫ್ರೆಡರಿಕ್ ಡಗ್ಲಾಸ್ ಗುಲಾಮನಾಗಿ ಹುಟ್ಟಿದವರು. ಅವರ ಆತ್ಮಕಥೆ 1845ರಲ್ಲಿ ಬಂತು. ಗುಲಾಮನಿಗೆ ಓದು ಕಲಿಸಿದರೆ ಅವನು ಕೆಲಸಕ್ಕೆ ಬರಲ್ಲ ಅಂತ ಒಡೆಯ ತನ್ನ ಹೆಂಡತಿಯನ್ನ ಗದರಿಸಿದ. ಅದನ್ನ ಕೇಳಿಸಿಕೊಂಡ ಹುಡುಗ, ಬೀದಿಯ ಬಡ ಬಿಳಿ ಹುಡುಗರಿಗೆ ತನ್ನ ರೊಟ್ಟಿ ಕೊಟ್ಟು ಅಕ್ಷರ ಕಲಿತ. ಓದುವಾಗ ನನಗೆ ನೆನಪಾದದ್ದು ನಾನಿದ್ದ ಹಾಸ್ಟೆಲಿನ ಅಲಮಾರಿ. ಗಾಜಿನೊಳಗೆ ಪುಸ್ತಕ ಕಾಣ್ತಿದ್ದವು, ಅದಕ್ಕೆ ಯಾವಾಗಲೂ ಕೀಲಿ. ಕೇಳಿದರೆ, “ಹರೀತಾವ, ಬ್ಯಾಡ” ಅನ್ನೋರು.

ಕೊನೆಗೆ ಬಾಬಾಸಾಹೇಬರು. ಇಲ್ಲಿ ನನ್ನದೇ ತಪ್ಪು ಒಪ್ಪಿಕೋತೀನಿ. ಎಷ್ಟೋ ವರ್ಷ ಅವರ ಫೋಟೋಕ್ಕೆ ಹಾರ ಹಾಕಿದೆ, ‘ಜಾತಿ ವಿನಾಶ’ ಓದಿರಲಿಲ್ಲ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಕರೆದು, ಬರೆದ ಭಾಷಣ ನೋಡಿ ಹೆದರಿ ಸಭೆಯನ್ನೇ ರದ್ದು ಮಾಡಿತು. 1936ರಲ್ಲಿ ಅವರು ತಮ್ಮ ಖರ್ಚಿನಲ್ಲೇ ಅದನ್ನ ಅಚ್ಚು ಹಾಕಿಸಿದರು. ಓದಿ ಕೆಳಗಿಟ್ಟಾಗ ನನಗೆ ಹೊಳೆದದ್ದು ಇದು: ಆ ಮನುಷ್ಯ ಶಾಸ್ತ್ರಗಳನ್ನೂ ಓದಿದ್ದರು, ಪ್ಲೇಟೋನನ್ನೂ ಓದಿದ್ದರು, ಗುರು ಡ್ಯೂಯಿಯನ್ನೂ ಓದಿದ್ದರು. 1927ರ ಡಿಸೆಂಬರ್ 25ಕ್ಕೆ ಮಹಾಡಿನಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತಲ್ಲ, ಅದರಲ್ಲಿ ಏನಿದೆ ಅಂತ ಓದಿ ತಿಳಿದ ಮೇಲೆಯೇ ಬಿದ್ದದ್ದು.

ತಮ್ಮಾ, ಇದೇ ನನ್ನ ಉತ್ತರ. ಓದು ಅಂದ್ರೆ ಒಪ್ಪು ಅಂತಲ್ಲ. ಯಾವ ಪುಸ್ತಕ ತೆರೆದರೂ ಇದರೊಳಗೆ ನಮ್ಮ ಕೇರಿ ಎಲ್ಲಿದೆ ಅಂತ ಕೇಳು. ಕೇರಿ ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳು. ನಮ್ಮವರು ಬರೆದ ಪುಸ್ತಕಕ್ಕೂ ಕೇಳು, ಇದರಲ್ಲಿ ನಮ್ಮವ್ವ, ನಮ್ಮಕ್ಕ ಎಲ್ಲಿದ್ದಾರೆ ಅಂತ. ಅಕ್ಷರ ನಮಗೆ ಬ್ಯಾಡ ಅಂತ ಸಾವಿರಾರು ವರ್ಷ ಅವರು ಹೇಳಿದರು. ಈಗ ಅದೇ ಮಾತನ್ನ ನಾವೇ ನಮಗೆ ಹೇಳಿಕೊಂಡರೆ ಅವರ ಕೆಲಸ ನಾವೇ ಮಾಡಿದಂಗ.

ಮುಂದಿನ ಏಪ್ರಿಲ್ 14ಕ್ಕೆ ಡಿಜೆಗೆ ಎತ್ತೋ ಪಟ್ಟಿಯಲ್ಲಿ ಅರ್ಧ ದುಡ್ಡು ಪುಸ್ತಕಕ್ಕೆ ಇಡೋಣ. ಸಮುದಾಯ ಭವನದಾಗ ಒಂದು ಅಲಮಾರಿ ಸಾಕು. ಅದಕ್ಕೆ ಕೀಲಿ ಮಾತ್ರ ಬ್ಯಾಡ. ಹರಿದರೆ ಹರೀಲಿ.

ನಿಮ್ಮನ್ನ ಅಳಿಸಿದ, ಸಿಟ್ಟು ಬರಿಸಿದ ಒಂದು ಪುಸ್ತಕದ ಹೆಸರು ಕೆಳಗೆ ಬರೀರಿ. ಪಟ್ಟಿ ಅಲ್ಲಿಂದಲೇ ಶುರು ಮಾಡೋಣ.

ಜೈಭೀಮ್.