ಸೆರೆಯಲ್ಲಿ ಕೊಂಡ ಹೊಲ

ಹೀಬ್ರೂ ಪ್ರವಾದಿಗಳನ್ನು ಕೇವಲ ಭವಿಷ್ಯ ನುಡಿದವರೆಂದು ಎಣಿಸುವವರು ಯೆರೆಮೀಯನ ಗ್ರಂಥವನ್ನೊಮ್ಮೆ ಸಾವಧಾನದಿಂದ ಓದುವುದು ಲೇಸು. ಆಶೆಯ ಮಾತನ್ನಾಡುವುದಕ್ಕೂ ಆಶೆಯನ್ನಿತ್ತು ಜನರನ್ನು ಬದುಕಿಸುವುದಕ್ಕೂ ಇರುವ ಅಂತರ ಅಲ್ಲಿ ಸ್ಪಷ್ಟವಾಗುತ್ತದೆ.

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದು, ಅದರ ಅರಸನನ್ನೂ ಕುಶಲ ಕರ್ಮಿಗಳನ್ನೂ ಸೆರೆಯೊಯ್ದನು. ಎರಡೇ ವರ್ಷಗಳಲ್ಲಿ ಎಲ್ಲರೂ ಮರಳುವರೆಂದು ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಸಾರಿ, ದಾಸ್ಯದ ಗುರುತಾಗಿ ಯೆರೆಮೀಯನು ಕೊರಳಲ್ಲಿ ಧರಿಸಿದ್ದ ಮರದ ನೊಗವನ್ನು ಮುರಿದುಹಾಕಿದನು. ಜನರಿಗೆ ಇದು ಹಿತವಾಗಿಯೇ ಕೇಳಿಸಿರಬೇಕು. ಯೆರೆಮೀಯನಾದರೋ ಎಪ್ಪತ್ತು ವರ್ಷಗಳ ಅವಧಿಯನ್ನು ಹೇಳಿ, ಪರದೇಶದಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ನೆರವೇರಿಸಿರೆಂದು ಸೆರೆಯಾಳುಗಳಿಗೆ ಪತ್ರ ಬರೆದನು. ವೈರಿಯ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರೆಂದೂ ಹೇಳಿದನು. ಅವನಿಗೆ ದ್ರೋಹಿಯೆಂಬ ಅಪವಾದ ಬಂದುದರಲ್ಲಿ ಆಶ್ಚರ್ಯವೇನು?

ಹತ್ತು ವರ್ಷಗಳ ತರುವಾಯ ಪಟ್ಟಣಕ್ಕೆ ಮತ್ತೆ ಮುತ್ತಿಗೆ ಬಿದ್ದಿತ್ತು. ಯೆರೆಮೀಯನು ಕಾವಲಿನಂಗಳದಲ್ಲಿ ಬಂದಿಯಾಗಿದ್ದನು. ಆಗ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಹುಟ್ಟೂರಾದ ಅನಾತೋತಿನ ಹೊಲವನ್ನು ಕೊಂಡುಕೊಳ್ಳೆಂದನು. ನಾಡೆಲ್ಲ ಶತ್ರುಸೈನ್ಯದ ಕಾಲ್ತುಳಿತಕ್ಕೆ ಸಿಕ್ಕಿರುವಾಗ ಇದಕ್ಕಿಂತ ನಷ್ಟದ ವ್ಯಾಪಾರವುಂಟೆ? ಯೆರೆಮೀಯನು ಹದಿನೇಳು ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನು. ಸಾಕ್ಷಿಗಳ ರುಜು ಹಾಕಿಸಿ, ಮುದ್ರೆಯೊತ್ತಿದ ಕ್ರಯಪತ್ರವನ್ನೂ ಅದರ ತೆರೆದ ಪ್ರತಿಯನ್ನೂ ಲಿಪಿಕಾರ ಬಾರೂಕನ ಕೈಗಿತ್ತು, ಬಹುಕಾಲ ಬಾಳುವಂತೆ ಮಣ್ಣಿನ ಗಡಿಗೆಯಲ್ಲಿಡಲು ಹೇಳಿದನು. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದೆಂಬುದೇ ಅದರ ಅರ್ಥ.

ಇದನ್ನು ಮಾಡಿ ಮುಗಿಸಿದ ಮೇಲೆ ಅವನಿಗೇ ಸಂಶಯ ತಲೆದೋರಿತೆಂಬುದು ಗಮನಾರ್ಹ. ಪಟ್ಟಣ ಬೀಳುತ್ತಿರುವಾಗ ಹೊಲ ಕೊಳ್ಳೆನ್ನುವೆಯಲ್ಲಾ ಎಂದು ಅವನು ದೇವರನ್ನೇ ಕೇಳುತ್ತಾನೆ. ಸಂಶಯವನ್ನು ಮುಚ್ಚಿಡದೆ, ಆದರೆ ಅದಕ್ಕಾಗಿ ಬೆಳ್ಳಿಯನ್ನು ಹಿಂದಕ್ಕೆ ಪಡೆಯದೆ ನಿಂತ ಈ ವಿಶ್ವಾಸದ ಮುಂದೆ ಹನನ್ಯನ ಉತ್ಸಾಹ ತೀರ ಅಗ್ಗವಾದುದು. ಬರಲಿರುವ ಕೇಡನ್ನು ಕೇಡೆಂದೇ ಹೇಳಿದವನ ಬಾಯಿಂದ ಬಂದುದರಿಂದಲೇ ಪುನಃಸ್ಥಾಪನೆಯ ನುಡಿಗೆ ತೂಕ ಬಂದಿತು.

ಪಟ್ಟಣ ಬಿದ್ದಿತು, ದೇವಾಲಯ ಸುಟ್ಟುಹೋಯಿತು. ಯೆರೆಮೀಯನನ್ನು ಅವನ ಜನರೇ ಐಗುಪ್ತಕ್ಕೆ ಕರೆದೊಯ್ದರು. ಅವನು ಹಿಂದಿರುಗಿದನೆಂದು ಗ್ರಂಥ ಹೇಳುವುದಿಲ್ಲ. ಕ್ರಿ.ಪೂ. 539ರಲ್ಲಿ ಪಾರಸಿಯ ದೊರೆ ಕೋರೆಷನಿಗೆ ಬಾಬಿಲೋನು ವಶವಾಯಿತು, ಸೆರೆಯಾಳುಗಳಿಗೆ ಊರಿನ ದಾರಿ ತೆರೆಯಿತು. ಮರಳಿದವರ ಪಟ್ಟಿಯನ್ನು ಎಜ್ರನ ಗ್ರಂಥವು ಊರೂರಿನ ಲೆಕ್ಕದಲ್ಲಿ ಕೊಡುತ್ತದೆ. ಅದರಲ್ಲಿ ಅನಾತೋತಿನವರು 128 ಮಂದಿ.