ಒಂದನೇ ಕ್ಲಾಸಿನ ಲೆಕ್ಕ ಎಲ್‌ಕೆಜಿಯಲ್ಲೇ ಮುಗಿದಿರುತ್ತದೆ

ಕೇರಳದಲ್ಲಿ ಜೂನ್ ತಿಂಗಳು ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆ ನಡೆಯುತ್ತದೆ. ಆ ದಿನದ ಸಂಖ್ಯೆ ನೋಡಿಯೇ ವರ್ಷದ ಶಿಕ್ಷಕ ಹುದ್ದೆಗಳ ನಿಗದಿ. ಕುಂಬಳೆ, ಉಪ್ಪಳ, ಮಂಜೇಶ್ವರ ಪೇಟೆಗಳ ಸಣ್ಣ ಕನ್ನಡ ಶಾಲೆಗಳಿಗೆ ಇದೇ ದೊಡ್ಡ ಪರೀಕ್ಷೆ.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಐದನೇ ತರಗತಿವರೆಗೆ 60 ಮಕ್ಕಳಿಗೆ ಕನಿಷ್ಠ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಅಂದ್ರೆ ಕೆಲವೊಮ್ಮೆ ಒಂದು ಮಗುವಿನ ಮೇಲೆ ಒಂದು ಹುದ್ದೆ ನಿಂತಿರುತ್ತದೆ.

ಈ ಮಕ್ಕಳು ಯಾರು? 2011ರ ಜನಗಣತಿ ಪ್ರಕಾರ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಶೇ. 4ಕ್ಕಿಂತ ಸ್ವಲ್ಪ ಹೆಚ್ಚು, ತುಳುವಿನವರು ಶೇ. 9ರ ಹತ್ತಿರ. ಮನೆಯಲ್ಲಿ ಕನ್ನಡ ಮಾತಾಡುವವರನ್ನೇ ನಂಬಿದ್ದರೆ ಈ ಶಾಲೆಗಳು ಎಂದೋ ಬಾಗಿಲು ಹಾಕುತ್ತಿದ್ದವು. ಇವನ್ನು ಉಳಿಸಿದ್ದು ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಗಳ ಮಕ್ಕಳು ಕೂಡ. ಇವರಿಗೆ ಕನ್ನಡ ಮನೆಮಾತಲ್ಲ, ಆರಿಸಿಕೊಂಡ ಭಾಷೆ. ಆರಿಸಿಕೊಂಡದ್ದನ್ನು ಬಿಡುವುದೂ ಸುಲಭ.

ಬಿಡುವುದು ಒಂದನೇ ಕ್ಲಾಸಿನಲ್ಲಲ್ಲ, ಮೂರು-ನಾಲ್ಕು ವರ್ಷ ಪ್ರಾಯದಲ್ಲೇ. ಮನೆ ಬಾಗಿಲಿಗೆ ವ್ಯಾನ್ ಬರುವ ಇಂಗ್ಲಿಷ್ ಮೀಡಿಯಂ ಎಲ್‌ಕೆಜಿಗೆ ಸೇರಿದ ಮಗು ಎರಡು ವರ್ಷ ಕಳೆದು ಕನ್ನಡ ಶಾಲೆಗೆ ಬರುವುದು ಅಪರೂಪ. ಅಲ್ಲಿ ಗೆಳೆಯರಿದ್ದಾರೆ, ಫೀಸೂ ಕಟ್ಟಿ ಆಗಿದೆ. ಮೇ ತಿಂಗಳಲ್ಲಿ ಮೇಷ್ಟ್ರು ಮನೆಮನೆ ಸುತ್ತುವಾಗ ವ್ಯಾಪಾರ ಮುಗಿದಿರುತ್ತದೆ. ಅತ್ತ ಅಂಗನವಾಡಿಗೆ ಕನ್ನಡ ಬಾರದ ಟೀಚರ್ ಬರುತ್ತಾರೆ ಎಂಬುದು ಗಡಿನಾಡಿನ ಹಳೆಯ ದೂರು. ಎರಡೂ ದಾರಿ ಕನ್ನಡದಿಂದ ಹೊರಗೇ ಹೋಗುತ್ತವೆ.

ಹೆತ್ತವರನ್ನು ದೂರಿ ಪ್ರಯೋಜನವಿಲ್ಲ. ಗಲ್ಫಿಗೆ ಹೋಗಲು ಇಂಗ್ಲಿಷ್ ಬೇಕು, ಕೇರಳದ ಸರಕಾರಿ ಕಚೇರಿಯಲ್ಲಿ ಮಲಯಾಳ ಬೇಕು. ಅವರ ಲೆಕ್ಕ ತಪ್ಪಲ್ಲ. ಅದಕ್ಕೆ ಉತ್ತರ ಕೊಡುವಂಥ ಶಾಲೆ ಬೇಕು: ಕನ್ನಡದ ಜೊತೆ ಚೆನ್ನಾಗಿ ಇಂಗ್ಲಿಷ್ ಕಲಿಸುವ ಪ್ರಿ-ಪ್ರೈಮರಿ ಅದೇ ಕಾಂಪೌಂಡಿನಲ್ಲಿ, ಸಾಧ್ಯವಾದರೆ ಒಂದು ವ್ಯಾನ್. ಪಿಟಿಎ, ಹಳೆ ವಿದ್ಯಾರ್ಥಿಗಳು, ಊರಿನ ಕ್ಲಬ್ ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ.

ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕೋರ್ಟಿನಲ್ಲಿ ಆ ವಿಧಿ ಹಿಡಿದು ವಾದಿಸಬಹುದು. ಆದರೆ ಬೆಂಚು ಖಾಲಿಯಿದ್ದರೆ ವಾದಕ್ಕೆ ಬಲ ಬರುವುದಿಲ್ಲ. ಮುಂದಿನ ಜೂನ್‌ನ ಎಣಿಕೆಗೆ ಈ ಜನವರಿಯಲ್ಲೇ, ಮೂರು ವರ್ಷ ತುಂಬಿದ ಮಕ್ಕಳ ಮನೆಯಿಂದಲೇ ಕೆಲಸ ಶುರುವಾಗಬೇಕು.